ಸ್ಟೇರಿಂಗ್ ಹಿಡಿದ ಶಿಕಾರಿ: ಮೀಕರ್ ಸೀಮೆಯಲ್ಲಿ ಒಂಬತ್ತು ದಿನ

ಶುಕ್ರವಾರ

ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್‌ನಿಂದ ಮೀಕರ್ ಊರಿಗೆ ಸುಮಾರು ನಾಲ್ಕು ಗಂಟೆಯ ದಾರಿ. ಐ-70 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋಗಿ, ರೈಫಲ್ ಎಂಬ ಊರಲ್ಲಿ (ಹೆಸರು ನಿಜಕ್ಕೂ ಅದೇ) ಬಲಕ್ಕೆ ಹೊರಳಿ, 13ನೇ ನಂಬರಿನ ರಸ್ತೆ ಹಿಡಿದು ಉತ್ತರಕ್ಕೆ ಇನ್ನೊಂದು 65 ಕಿಲೋಮೀಟರ್. ಅಕ್ಟೋಬರ್ ಕೊನೆಯ ಈ ಶುಕ್ರವಾರ ದಾರಿಯುದ್ದಕ್ಕೂ ಪಿಕಪ್ ಟ್ರಕ್ಕುಗಳ ಮೆರವಣಿಗೆ. ಕೊಲರಾಡೊದಲ್ಲಿ ರೈಫಲ್ ಹಿಡಿದು ಎಲ್ಕ್ ಹೊಡೆಯಲು ವರ್ಷಕ್ಕೆ ನಾಲ್ಕು ಕಂತು. ಎರಡನೆಯದು ಒಂಬತ್ತು ದಿನದ್ದು, ನಾಳೆ ಶನಿವಾರ ಶುರುವಾಗಿ ಮರುವಾರದ ಭಾನುವಾರಕ್ಕೆ ಮುಗಿಯುತ್ತದೆ. ಎಲ್ಕ್ ನಮ್ಮ ಕಡವೆಯ ಬಳಗದ್ದೇ, ಆದರೆ ಗಾತ್ರದಲ್ಲಿ ಅದಕ್ಕೂ ಮೇಲೆ; ಬೆಳೆದ ಗಂಡು 300 ಕಿಲೋ ದಾಟುತ್ತದೆ. ಮೀಕರ್‌ನಿಂದ ಪೂರ್ವಕ್ಕೆ ಹರಡಿರುವ ವೈಟ್ ರಿವರ್ ಕಣಿವೆ ಮತ್ತು ಫ್ಲಾಟ್ ಟಾಪ್ಸ್ ಪ್ರಸ್ಥಭೂಮಿಯಲ್ಲಿ ರಾಜ್ಯದ ಅತಿ ದೊಡ್ಡ ಎಲ್ಕ್ ಹಿಂಡು ಇದೆ.

ಈ ಪ್ರವಾಸದ ನಾಯಕರು ಇಬ್ಬರು. ಹೆಸರು ಬೇಡ, ಪ್ರತಿ ವರ್ಷ ಪ್ರತಿ ಕಾಡುರಸ್ತೆಯಲ್ಲೂ ಸಿಗುವ ಜೋಡಿ ಇದು. ಒಬ್ಬ ಸ್ಟೇರಿಂಗಿನವ, ಇನ್ನೊಬ್ಬ ಕಿಟಕಿಯವ. ಕೆಳಗಿಳಿಯದೆ ಶಿಕಾರಿ ಮುಗಿಸಬೇಕೆಂಬುದು ಇಬ್ಬರ ಸಂಕಲ್ಪ. ನಡೆಯಲಾಗದವರ ಮಾತು ಬೇರೆ; ಅಂಥವರಿಗೆ ರಾಜ್ಯದ ವನ್ಯಜೀವಿ ಇಲಾಖೆಯೇ ವಿಶೇಷ ಪರವಾನಗಿ ಕೊಡುತ್ತದೆ, ನಿಂತ ವಾಹನದಿಂದಲೇ ಈಡು ಹೊಡೆಯಬಹುದು. ಈ ಇಬ್ಬರ ಕಾಲುಗಳು ಗಟ್ಟಿಮುಟ್ಟಾಗಿಯೇ ಇವೆ.

ಟ್ರಕ್ಕಿನ ತೊಟ್ಟಿಯಲ್ಲಿ ಎರಡು ಐಸ್ ಪೆಟ್ಟಿಗೆ, ಮಡಚುವ ಕುರ್ಚಿ, ಗ್ಯಾಸ್ ಒಲೆ, ಪ್ರೊಪೇನ್ ಹೀಟರ್. ನಡೆಯುವ ಬೂಟು ಎಲ್ಲಕ್ಕಿಂತ ತಳದಲ್ಲಿ, ಡಬ್ಬದಿಂದ ಇನ್ನೂ ಹೊರಬಂದಿಲ್ಲ. ಮುಂದುಗಡೆ ಎಲ್‌ಇಡಿ ಲೈಟ್ ಬಾರ್. ಕತ್ತಲಲ್ಲಿ ದೀಪ ಹಾಕಿ ಬೇಟೆಯಾಡುವುದು ಇಲ್ಲಿ ಅಪರಾಧವಾದ್ದರಿಂದ ಬೇಟೆಯ ಮಟ್ಟಿಗೆ ಅದು ಬರೀ ಆಭರಣ. ಜೀಪು ಮತ್ತು ಸರ್ಚ್‌ಲೈಟಿನ ಶಿಕಾರಿ ನಮ್ಮಲ್ಲೂ ಒಂದು ಕಾಲಕ್ಕೆ ಶೋಕಿಯಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಮೇಲೆ ಅದು ಶೋಕಿಯಿಂದ ಜೈಲಿನ ದಾರಿಗೆ ತಿರುಗಿತು. ಇಲ್ಲಿ ಬೇಟೆ ಕಾನೂನುಬದ್ಧ. ಆದರೆ ಕಾನೂನಿನ ಬಹುಪಾಲು ಕಲಮುಗಳು ಟ್ರಕ್ಕಿನಲ್ಲಿ ಕೂತವನನ್ನೇ ಎದುರಿಗಿಟ್ಟುಕೊಂಡು ಬರೆದಂತಿವೆ.

ಇಂದೇ ಮುಗಿಸಬೇಕಾದ ಕೆಲಸ ಮೂರು. ಮೊದಲನೆಯದು ಕಿತ್ತಳೆ ಬಣ್ಣ: ಸೊಂಟದ ಮೇಲೆ ಕನಿಷ್ಠ 500 ಚದರ ಅಂಗುಲ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಟ್ಟೆ, ಜೊತೆಗೆ ನಾಲ್ಕೂ ದಿಕ್ಕಿಗೆ ಕಾಣುವ ಅದೇ ಬಣ್ಣದ ಟೋಪಿ. ಎಲ್ಕ್ ಕಣ್ಣಿಗೆ ಕಿತ್ತಳೆ ಮಾಸಲಾಗಿ ಕಾಣುವುದರಿಂದ ಬೇಟೆಗೆ ತೊಂದರೆಯಿಲ್ಲ. ಡೆನ್ವರ್, ಅರೋರಾ ಕಡೆಯ ಕನ್ನಡಿಗ ಕುಟುಂಬಗಳು ಅಕ್ಟೋಬರ್‌ನಲ್ಲಿ ಈ ಕಾಡುಗಳಿಗೆ ಸುತ್ತಾಡಲು ಬಂದರೆ ಅವರೂ ಒಂದು ಕಿತ್ತಳೆ ಜಾಕೆಟ್ ಹಾಕಿಕೊಳ್ಳುವುದು ಒಳ್ಳೆಯದು, ಕಡ್ಡಾಯವಲ್ಲ, ಬುದ್ಧಿವಂತಿಕೆ. ಎರಡನೆಯದು ಅರಣ್ಯ ಇಲಾಖೆಯ ವಾಹನ ಸಂಚಾರ ನಕ್ಷೆ. ಪುಕ್ಕಟೆ ಸಿಗುತ್ತದೆ, ಯಾವ ರಸ್ತೆಗೆ ಯಾವ ವಾಹನ ಯಾವ ತಿಂಗಳು ಹೋಗಬಹುದೆಂದು ಹೇಳುತ್ತದೆ. ಅದರಲ್ಲಿ ಏರಿಳಿತದ ಗೆರೆಗಳಿರುವುದಿಲ್ಲವಾದ್ದರಿಂದ ಭೂಮಿಯ ಮೈಕಟ್ಟು ತೋರಿಸುವ ಇನ್ನೊಂದು ನಕ್ಷೆ ಬೇಕೇ ಬೇಕು. ಸ್ಟೇರಿಂಗಿನವನಿಗೆ ಮೊದಲನೆಯದಷ್ಟೇ ಸಾಕು.

ಮೂರನೆಯದು ರೈಫಲ್ ಗುರಿ ಸರಿಪಡಿಸುವುದು. ಕಲ್ಲುರಸ್ತೆಯಲ್ಲಿ ಗಂಟೆಗಟ್ಟಲೆ ಕುಲುಕಾಡಿದರೆ ಕೋವಿಯ ಮೇಲೆ ದುರ್ಬೀನು ಕೂರಿಸಿದ ಸ್ಕ್ರೂಗಳು ಸಡಿಲಾಗುತ್ತವೆ. 100 ಗಜದಲ್ಲಿ ಮೂರು ತೋಟೆ ಹಾರಿಸಿ ನೋಡಿದರೆ ಗೊತ್ತಾಗುವ ಸಂಗತಿ. .30-06 ಕೋವಿಗೆ 180 ಗ್ರೇನ್ ತೂಕದ ಗುಂಡು ಹಾಕಿ 200 ಗಜಕ್ಕೆ ಗುರಿ ಕಟ್ಟಿದರೆ, 300 ಗಜದಲ್ಲಿ ಗುಂಡು ಎಂಟೊಂಬತ್ತು ಅಂಗುಲ ಕೆಳಗೆ ಬೀಳುತ್ತದೆ, 400 ಗಜದಲ್ಲಿ ಸುಮಾರು ಎರಡಡಿ. ಈ ಲೆಕ್ಕ ಬರೆದ ಚೀಟಿಯನ್ನು ಕೋವಿಯ ಹಿಡಿಗೆ ಅಂಟಿಸಿಕೊಳ್ಳುವುದು ರೂಢಿ. ಕಿಟಕಿಯವ ಆ ಜಾಗದಲ್ಲಿ ಟೈರ್ ಕಂಪನಿಯ ಸ್ಟಿಕರ್ ಅಂಟಿಸಿದ್ದಾನೆ.

ಶನಿವಾರ

ಸೂರ್ಯೋದಯ ಏಳೂವರೆಯ ಆಸುಪಾಸು. ಅದಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಬೇಟೆಯ ಹೊತ್ತು. ಕಾಲ್ನಡಿಗೆಯ ಶಿಕಾರಿಗಳು ಐದಕ್ಕೇ ಗಾಡಿ ನಿಲ್ಲಿಸಿ ಬೆಟ್ಟ ಹತ್ತಲು ಶುರುಮಾಡಿರುತ್ತಾರೆ, ಬೆಳಕು ಹರಿಯುವಾಗ ಎಲ್ಕ್ ಮೇಯುವ ಹುಲ್ಲುಗಾವಲಿನ ಮೇಲ್ಬದಿಯ ಅಂಚಿನಲ್ಲಿ ಇರಬೇಕಲ್ಲ. ನಮ್ಮ ಜೋಡಿ ಏಳಕ್ಕೆ ಎಂಜಿನ್ ಶುರುಮಾಡಿತು, ಹೀಟರ್ ಬಿಸಿಯಾಗಲಿ ಎಂದು ಇನ್ನೊಂದು ಕಾಲು ಗಂಟೆ ಕಾದಿತು.

ಮೀಕರ್‌ನಿಂದ ಯಾಂಪಾ ಊರಿನವರೆಗೆ ಹೋಗುವ ಫ್ಲಾಟ್ ಟಾಪ್ಸ್ ರಸ್ತೆ 82 ಮೈಲಿ, ಅಂದರೆ 132 ಕಿಲೋಮೀಟರ್. ಅರ್ಧದಷ್ಟು ಜಲ್ಲಿರಸ್ತೆ. ನಡುವೆ 10,343 ಅಡಿ ಎತ್ತರದ ರಿಪಲ್ ಕ್ರೀಕ್ ಘಾಟಿ. ಈ ರಸ್ತೆಯಲ್ಲಿ ಇಂದು ಮುಂಜಾನೆ ಟ್ರಕ್ಕಿನ ಹಿಂದೆ ಟ್ರಕ್ಕು. ಪ್ರತಿಯೊಂದರಲ್ಲೂ ಇಬ್ಬರು, ಇಬ್ಬರೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ತಿರುಗಿಸುತ್ತ, ಮುಂದಿನ ಟ್ರಕ್ಕಿನ ದೂಳು ಕುಡಿಯುತ್ತ ಸಾಗಿದ್ದಾರೆ. ಮುಂದಿನವನು ಬ್ರೇಕ್ ಹಾಕಿದರೆ ಹಿಂದಿನ ಎಲ್ಲರೂ ಬ್ರೇಕ್. ಮೊದಲನೆಯವನು ಮೂತ್ರಕ್ಕೆ ನಿಲ್ಲಿಸಿದ್ದ ಎಂದು ತಿಳಿಯುವಷ್ಟರಲ್ಲಿ ಎಂಟು ಜೋಡಿ ದುರ್ಬೀನುಗಳು ಆ ಗುಡ್ಡವನ್ನು ಜಾಲಾಡಿರುತ್ತವೆ.

ದುರ್ಬೀನಿನ ಪಾಡೇ ಒಂದು ಅಧ್ಯಾಯ. ಹತ್ತು ಪಟ್ಟು ಹಿಗ್ಗಿಸುವ ದುರ್ಬೀನನ್ನು ಓಡುವ ಎಂಜಿನ್ನಿನ ಗಾಡಿಯಲ್ಲಿ ಹಿಡಿದರೆ ಎಂಜಿನ್ನಿನ ಅದುರೂ ಹತ್ತು ಪಟ್ಟು ಹಿಗ್ಗುತ್ತದೆ. ಮುಂದಿನ ಗಾಜು ಓರೆಯಾಗಿ ಕೂತಿರುವುದರಿಂದ ಅದರ ಮೂಲಕ ನೋಡಿದರೆ ಎಲ್ಲವೂ ಕದಡಿದಂತೆ. ಸರಿ, ಕಿಟಕಿ ಇಳಿಸಿದರು. ಹೀಟರ್‌ನ ಬಿಸಿಗಾಳಿ ಕಿಟಕಿಯಿಂದ ಹೊರನುಗ್ಗುತ್ತ ತಣ್ಣನೆಯ ಗಾಳಿಯೊಂದಿಗೆ ಬೆರೆತು ಬಿಸಿಲುಗುದುರೆಯಂತೆ ಕುಣಿಯುತ್ತದೆ. ರಾತ್ರಿಯಿಡೀ ತೊಟ್ಟಿಯಲ್ಲಿದ್ದ ರೈಫಲನ್ನು ಬೆಚ್ಚನೆಯ ಕ್ಯಾಬಿನ್ನಿಗೆ ತಂದಾಗ ಅದರ ದುರ್ಬೀನಿನ ಗಾಜಿನ ಮೇಲೆ ಇಬ್ಬನಿ ಕಟ್ಟುತ್ತದೆ. ಕಾರಣ ಇಬ್ಬರ ಉಸಿರು, ಕಾಫಿಯ ಹಬೆ. ಒರೆಸಿದಷ್ಟೂ ಮತ್ತೆ ಕಟ್ಟುತ್ತದೆ, ಗಾಜು ಕ್ಯಾಬಿನ್ನಿನ ಬಿಸಿಗೆ ಬರುವವರೆಗೆ ಹೀಗೆಯೇ. ಉಪಾಯ ಸುಲಭ: ಹೀಟರ್ ಆರಿಸಿ, ಜಾಕೆಟ್ ಹಾಕಿಕೊಂಡು, ಗಾಡಿಯ ಒಳಗೂ ಹೊರಗಿನಷ್ಟೇ ಚಳಿ ಇರುವಂತೆ ನೋಡಿಕೊಳ್ಳುವುದು. ಅಷ್ಟು ಮಾಡುವವನು ಗಾಡಿಯಿಂದ ಇಳಿದೇ ಬಿಡುತ್ತಾನೆ.

ಇತ್ತ ಎಲ್ಕ್ ಏನು ಮಾಡುತ್ತಿವೆ? ಹಿಂಡು ರಾತ್ರಿಯೆಲ್ಲ ಬಯಲಲ್ಲಿ ಮೇದು, ಬೆಳಕಾಗುತ್ತಲೇ ಉತ್ತರದ ಇಳಿಜಾರಿನ ಸ್ಪ್ರೂಸ್, ಫರ್ ಮರಗಳ ದಟ್ಟ ಹಳುವಿಗೆ ಸರಿಯುತ್ತದೆ. ಅಲ್ಲಿ ನೆರಳಿದೆ, ತಂಪಿದೆ, 1940ರ ದಶಕದಲ್ಲಿ ತೊಗಟೆಹುಳು ತಿಂದು ಉರುಳಿಸಿದ ಮರಗಳ ಅಳಿದುಳಿದ ದಿಮ್ಮಿಗಳೂ ಇವೆ. ಬೆಳಗಿನ ಜಾವ ತಣ್ಣನೆಯ ಗಾಳಿ ಬೆಟ್ಟದಿಂದ ಕೆಳಕ್ಕೆ ಹರಿಯುತ್ತದೆ. ಬಿಸಿಲೇರಿದ ಮೇಲೆ ತಿರುಗಿ ಮೇಲಕ್ಕೆ. ಕಣಿವೆಯ ತಳದ ರಸ್ತೆಯಲ್ಲಿ ಟ್ರಕ್ಕುಗಳು ಬಿಟ್ಟ ಡೀಸೆಲ್ ಹೊಗೆ, ಬೇಕನ್ ವಾಸನೆ ಎಲ್ಲವೂ ಒಂಬತ್ತು ಗಂಟೆಯ ಹೊತ್ತಿಗೆ ಇಳಿಜಾರು ಹತ್ತಿ ಮಲಗಿದ ಹಿಂಡಿನ ಮೂಗಿಗೆ ಮುಟ್ಟುತ್ತವೆ.

ಭಾನುವಾರ

ಇಂದು ಎಲ್ಕ್ ಕಂಡಿತು.

ರಸ್ತೆಯ ತಿರುವು, ಮೇಲುಗಡೆ ಎಲೆ ಉದುರಿದ ಆಸ್ಪೆನ್ ತೋಪು. ಎಲೆ ಇದ್ದಾಗ ಇಂಥ ತೋಪಿನೊಳಗೆ ಏನೂ ಕಾಣದು. ಅಕ್ಟೋಬರ್ ಕೊನೆಗೆ ಬಿಳಿ ಕಾಂಡಗಳ ನಡುವೆ ಕಂದು ಬೆನ್ನೊಂದು ಅಡ್ಡಗೆರೆಯಾಗಿ ಎದ್ದು ಕಾಣುತ್ತದೆ. ಕಾಡಿನಲ್ಲಿ ಎಲ್ಲವೂ ನೇರ ನಿಂತಿರುವಾಗ ಅಡ್ಡ ಕಂಡದ್ದು ಪ್ರಾಣಿ, ಇದು ಹಳೆಯ ಶಿಕಾರಿಗಳ ಪಾಠ. ಕಿಟಕಿಯವ ಕೂಗಿದ: "ಏ ನಿಲ್ಸು, ನಿಲ್ಸು, ಗಂಡು ಅದು!"

ಇಲ್ಲಿಂದ ಮುಂದಿನದನ್ನು ಕಾನೂನಿನ ಪ್ರಕಾರ ಮಾಡಿದರೆ ಹೇಗಿರುತ್ತದೆಂದು ಸಾವಕಾಶವಾಗಿ ನೋಡೋಣ. ಟ್ರಕ್ಕನ್ನು ರಸ್ತೆ ಬಿಟ್ಟು ಬದಿಗೆ ಒಯ್ಯಬೇಕು. ಎಂಜಿನ್ ಆರಿಸಬೇಕು. ಬಾಗಿಲು ತೆರೆದರೆ ಟಣ್ ಟಣ್ ಎಂದು ಎಚ್ಚರಿಕೆಯ ಗಂಟೆ, ಒಳಗಿನ ದೀಪ ಭಗ್ಗೆಂದು ಹತ್ತುತ್ತದೆ. (ದೀಪದ ಸ್ವಿಚ್ಚನ್ನು ಮೊದಲೇ ಆರಿಸಿಡಬೇಕು, ಕೀಲಿ ತೆಗೆದರೆ ಗಂಟೆಯೂ ಬಾಯಿ ಮುಚ್ಚುತ್ತದೆ.) ಕೋವಿಯನ್ನು ಹಿಂದಿನ ಸೀಟಿನಿಂದ ಈಚೆಗೆಳೆಯಬೇಕು, ಅದರ ಪಟ್ಟಿ ಸೀಟ್ ಬೆಲ್ಟಿಗೆ ಸಿಕ್ಕಿಕೊಂಡಿರುತ್ತದೆ. ವಾಹನದೊಳಗೆ ರೈಫಲ್ಲಿನ ನಳಿಗೆಮನೆಯಲ್ಲಿ ತೋಟೆ ಇರಕೂಡದು, ಮ್ಯಾಗಜಿನ್ನಿನಲ್ಲಿ ಇರಬಹುದು. ಹಾಗಾಗಿ ಇಳಿದ ಮೇಲೆಯೇ ಬೋಲ್ಟ್ ಎಳೆದು ತೋಟೆ ಏರಿಸಬೇಕು. ಸಾರ್ವಜನಿಕ ರಸ್ತೆಯ ಮೇಲಿಂದ, ರಸ್ತೆಯನ್ನು ದಾಟಿಸಿ ಈಡು ಹಾರಿಸುವಂತಿಲ್ಲ. ರಸ್ತೆಯ ನಡುಗೆರೆಯಿಂದ ಕನಿಷ್ಠ 50 ಅಡಿ ದೂರ ಹೋಗಬೇಕು. ಐವತ್ತಡಿ ಅಂದರೆ ಹದಿನೈದು ಮೀಟರ್, ಕೇಳಲು ಏನೂ ಅಲ್ಲ. ಆದರೆ ಘಾಟಿರಸ್ತೆಯಲ್ಲಿ ಆ ಹದಿನೈದು ಮೀಟರ್ ಒಂದೋ ಮೊಣಕಾಲುದ್ದದ ಚರಂಡಿ ದಾಟಿ ಕಡಿದಾದ ದಿಬ್ಬ, ಇಲ್ಲವೋ ಪ್ರಪಾತ.

ದಿಬ್ಬ ಹತ್ತಿದ ಕಿಟಕಿಯವ ಏದುಸಿರು ಬಿಡುತ್ತಿದ್ದಾನೆ. 9,000 ಅಡಿ ಎತ್ತರ, ಎರಡು ದಿನ ಕೂತ ಮೈ. ನಾಡಿ ಹೀಗೆ ಬಡಿಯುವಾಗ ನಿಂತು ಕೋವಿ ಹಿಡಿದರೆ ದುರ್ಬೀನಿನ ಕೂಡುಗೆರೆ ಎಲ್ಕ್‌ನ ಮೂಗಿನಿಂದ ಬಾಲದವರೆಗೆ ಓಡಾಡುತ್ತದೆ. ಕೂತು, ಮೊಣಕೈಯನ್ನು ಮಂಡಿಗೆ ಆನಿಸಿ, ಅಥವಾ ಬೆನ್ನಚೀಲವನ್ನು ಬಂಡೆಯ ಮೇಲಿಟ್ಟು ಅದರ ಮೇಲೆ ಕೋವಿ ಮಲಗಿಸಿ, ಮೂರು ಉಸಿರು ತೆಗೆದುಕೊಳ್ಳಬೇಕು. ಬೆನ್ನಚೀಲ ಟ್ರಕ್ಕಿನಲ್ಲಿದೆ.

ಅಲ್ಲಿಗೂ ಮುಗಿಯಲಿಲ್ಲ. ಕೊಂಬು ಎಣಿಸಬೇಕು. ಇಲ್ಲಿನ ಬಹುತೇಕ ಬೇಟೆ ಘಟಕಗಳಲ್ಲಿ ಗಂಡಿನ ಒಂದು ಬದಿಯ ಕೊಂಬಿಗೆ ಕನಿಷ್ಠ ನಾಲ್ಕು ಕವಲು, ಅಥವಾ ಹಣೆಯ ಬಳಿಯ ಮೊದಲ ಕವಲು ಐದು ಅಂಗುಲ ಉದ್ದ ಇರಲೇಬೇಕು. ಆಸ್ಪೆನ್ ಕೊಂಬೆಯ ಹಿಂದೆ ನಿಂತ ತಲೆಯಲ್ಲಿ ಯಾವುದು ಕೊಂಬು, ಯಾವುದು ಕೊಂಬೆ? ಗುರಿಯ ಹಿಂದೆ ಮಣ್ಣಿನ ಒಡ್ಡು ಇದೆಯೇ, ಬರೀ ಆಕಾಶವೇ ಎಂದೂ ನೋಡಿಕೊಳ್ಳಬೇಕು. ದಿಬ್ಬದ ನೆತ್ತಿಯ ಮೇಲೆ ನಿಂತ ಪ್ರಾಣಿಗೆ ಹೊಡೆದ ಗುಂಡು ತಪ್ಪಿದರೆ ಆಚೆಯ ಕಣಿವೆಯ ಯಾರ ಡೇರೆಗೂ ಹೋಗಬಹುದು.

ಇಷ್ಟೆಲ್ಲ ಚುರುಕಾಗಿ ಮಾಡಿದರೂ ಒಂದು ನಿಮಿಷ ಬೇಕು. ಎಲ್ಕ್ ಕೊಟ್ಟ ಸಮಯ ಬಾಗಿಲು ಬಡಿದ ಸದ್ದಿನಿಂದ ನಾಲ್ಕು ಸೆಕೆಂಡು. ಒಂದೇ ವೇಗದಲ್ಲಿ ಓಡುತ್ತಿರುವ ಟ್ರಕ್ಕು ಅದಕ್ಕೆ ದಿನನಿತ್ಯದ ಗದ್ದಲ, ತಲೆ ಎತ್ತಿ ನೋಡಿ ಮತ್ತೆ ಮೇಯುತ್ತದೆ. ವೇಗ ತಗ್ಗಿತೋ ಕಿವಿ ನಿಮಿರುತ್ತದೆ, ನಿಂತಿತೋ ಹೊರಡುತ್ತದೆ. ಅನುಭವಸ್ಥರು ಇಂಥ ಎಲ್ಕ್ ಕಂಡರೆ ಬ್ರೇಕ್ ಮುಟ್ಟುವುದೇ ಇಲ್ಲ. ಅದೇ ವೇಗದಲ್ಲಿ ತಿರುವು ದಾಟಿ, ಮರೆಯಾದ ಮೇಲೆ ಅರ್ಧ ಕಿಲೋಮೀಟರ್ ಮುಂದೆ ನಿಲ್ಲಿಸಿ, ಗಾಳಿ ನೋಡಿಕೊಂಡು ನಡೆದು ಬರುತ್ತಾರೆ. ಸ್ಟೇರಿಂಗಿನವನಿಗೆ ಈ ಉಪಾಯ ಗೊತ್ತಿದೆ. "ಅದೆಲ್ಲ ನಡೆಯೋರಿಗೆ ಮಾರಾಯಾ" ಅನ್ನುವುದು ಅವನ ನಿಲುವು.

ಸೋಮವಾರ

ಕೆಲಸಕ್ಕೆ ರಜೆ ಸಿಗದವರು ಹಿಂತಿರುಗಿದ್ದರಿಂದ ರಸ್ತೆ ಖಾಲಿ. ಇಂದು ಗೇಟುಗಳ ದಿನ.

ಕಾಡಿನ ಒಳರಸ್ತೆಗಳಲ್ಲಿ ಹಲವಕ್ಕೆ ಹಳದಿ ಕಬ್ಬಿಣದ ಗೇಟು ಬಿದ್ದಿದೆ, ಆಚೆಗೆ ಕಾಲ್ನಡಿಗೆ ಮತ್ತು ಕುದುರೆಗಷ್ಟೇ ದಾರಿ. ಟ್ರಕ್ ಶಿಕಾರಿ ಗೇಟಿನ ಮುಂದೆ ನಿಲ್ಲಿಸಿ, ಅರಣ್ಯ ಇಲಾಖೆಗೆ ಎರಡು ಮಾತು ಬೈದು, ರಿವರ್ಸ್ ತೆಗೆಯುತ್ತಾನೆ. ಗೇಟಿಗೆ ಅಡ್ಡವಾಗಿ ಗಾಡಿ ನಿಲ್ಲಿಸುವುದೂ ತಪ್ಪು. ಬೆಂಕಿ ವಾಹನ ಬರಬೇಕಾದೀತು. ನಕ್ಷೆ ಓದಬಲ್ಲವನಿಗೆ ಮಾತ್ರ ಈ ಗೇಟೇ ಒಂದು ಸುಳಿವು. ಈಶಾನ್ಯ ಓರೆಗಾನ್‌ನ ಸ್ಟಾರ್ಕಿ ಪ್ರಾಯೋಗಿಕ ಅರಣ್ಯದಲ್ಲಿ 25,000 ಎಕರೆಗೆ ಎಂಟಡಿ ಬೇಲಿ ಹಾಕಿ, 1989ರಿಂದ ಎಲ್ಕ್‌ಗಳಿಗೆ ಕೊರಳಪಟ್ಟಿ ಕಟ್ಟಿ ಅವುಗಳ ಓಡಾಟ ಅಳೆದಿದ್ದಾರೆ. ವಾಹನ ಓಡಾಡುವ ರಸ್ತೆಯಿಂದ ಹಿಂಡು ದೂರ ಸರಿಯುತ್ತದೆ, ಓಡಾಟ ಹೆಚ್ಚಿದಷ್ಟೂ ಇನ್ನೂ ದೂರ. ಅಂದರೆ ಟ್ರಕ್ಕಿನಲ್ಲಿ ಹೆಚ್ಚು ಸುತ್ತಿದಷ್ಟೂ ಎಲ್ಕ್ ಟ್ರಕ್ಕಿಗೆ ಸಿಗದ ಜಾಗಕ್ಕೆ ಹೋಗುತ್ತದೆ. ಇಡೀ ವಾರ ಹಳು ನುಗ್ಗಿಸುವ ಕೆಲಸವನ್ನು ಸ್ಟೇರಿಂಗಿನವ ಪುಕ್ಕಟೆ ಮಾಡುತ್ತಿದ್ದಾನೆ, ಗೇಟಿನಾಚೆ ಎರಡು ಕಿಲೋಮೀಟರ್ ನಡೆದು ಕೂತವರ ಕಡೆಗೆ.

ಈ ಸೀಮೆಯಲ್ಲಿ ರಸ್ತೆಯೇ ಇಲ್ಲದ ಕಾಡು ಉಳಿದದ್ದಕ್ಕೊಂದು ಹಿನ್ನೆಲೆ ಇದೆ. ಇದೇ ರಸ್ತೆಯಿಂದ ಒಳಗೆ ಹೋದರೆ ಟ್ರ್ಯಾಪರ್ಸ್ ಸರೋವರ. 1919ರಲ್ಲಿ ಅರಣ್ಯ ಇಲಾಖೆ ಆರ್ಥರ್ ಕಾರ್ಹಾರ್ಟ್ ಎಂಬ ಭೂದೃಶ್ಯ ವಿನ್ಯಾಸಗಾರನನ್ನು ಅಲ್ಲಿಗೆ ಕಳಿಸಿತ್ತು. ಸರೋವರದ ಸುತ್ತ ರಸ್ತೆ ಎಳೆದು ಬೇಸಿಗೆ ಮನೆಗಳಿಗೆ ಜಾಗ ಗುರುತಿಸಿ ಬಾ ಎಂದು. ಆತ ಹಿಂದಿರುಗಿ ಹೇಳಿದ್ದು, ಇಲ್ಲಿ ಏನೂ ಕಟ್ಟಬೇಡಿ ಎಂದು. ಇಲಾಖೆ ಕೇಳಿತು. 1964ರ ವಿಲ್ಡರ್‌ನೆಸ್ ಕಾಯಿದೆಯ ಬೇರುಗಳಲ್ಲಿ ಇದೂ ಒಂದು. 1975ರಲ್ಲಿ ಫ್ಲಾಟ್ ಟಾಪ್ಸ್‌ನ ಸುಮಾರು 2,35,000 ಎಕರೆ ಆ ಕಾಯಿದೆಯಡಿ ಬಂತು; ಅಲ್ಲಿ ಟ್ರಕ್ಕಿರಲಿ, ಸೈಕಲ್ಲೂ ಹೋಗುವಂತಿಲ್ಲ. ಥಿಯೊಡೋರ್ ರೂಸ್‌ವೆಲ್ಟ್ 1901ರ ಜನವರಿಯಲ್ಲಿ ಮೀಕರ್ ಸುತ್ತ ಕೂಗರ್ (ಅಮೆರಿಕದ ಬೆಟ್ಟಸಿಂಹ) ಬೇಟೆಯಾಡಿದ್ದು ಕುದುರೆ ಮತ್ತು ನಾಯಿಗಳ ಜೊತೆ. ಉಪಾಧ್ಯಕ್ಷನಾಗಿ ಆಗಷ್ಟೇ ಚುನಾಯಿತನಾಗಿದ್ದ ಮನುಷ್ಯ, ಹಿಮದಲ್ಲಿ.

ಖಾಸಗಿ ಜಮೀನಿನ ಕಥೆ ಇನ್ನೂ ಚುರುಕಿನದು. ಈಡಿನ ಸದ್ದು ಶುರುವಾದೊಡನೆ ಅನೇಕ ಹಿಂಡುಗಳು ಕಣಿವೆಯ ರ‍್ಯಾಂಚುಗಳಿಗೆ ಇಳಿಯುತ್ತವೆ. ರಸ್ತೆಯ ಪಕ್ಕದಲ್ಲೇ ಹುಲ್ಲಿನ ಬಯಲು, ಇನ್ನೂರು ಎಲ್ಕ್ ಹಾಡಹಗಲೇ ಮಲಗಿ ಮೆಲುಕು ಹಾಕುತ್ತವೆ, ಬೇಲಿಯ ಈಚೆ ಸಾಲಾಗಿ ಟ್ರಕ್ಕುಗಳು. ಕೊಲರಾಡೊದಲ್ಲಿ ಜಮೀನಿನವನು ಬೇಲಿಯನ್ನಾಗಲಿ ಬೋರ್ಡನ್ನಾಗಲಿ ಹಾಕಬೇಕಿಲ್ಲ; ಅನುಮತಿ ಕೇಳಬೇಕಾದ್ದು ಬೇಟೆಗಾರನ ಹೊಣೆ. ಅದೂ ಬೇಟೆಗೆ ತಿಂಗಳುಗಳ ಮುಂಚೆ. ಸೋಮವಾರ ಬೆಳಿಗ್ಗೆ ಹಾರ್ನ್ ಹೊಡೆದು ಕೇಳುವುದಲ್ಲ.

ಇಂಧನದ ಲೆಕ್ಕವನ್ನೂ ಇಲ್ಲೇ ಹೇಳಿಬಿಡಬಹುದು. ದೊಡ್ಡ ವಿ-8 ಪಿಕಪ್ಪು ಬೆಟ್ಟದ ರಸ್ತೆಯಲ್ಲಿ ಲೀಟರಿಗೆ ನಾಲ್ಕೈದು ಕಿಲೋಮೀಟರ್ ಕೊಡುತ್ತದೆ, ನಿಂತಲ್ಲೇ ಗುರುಗುಟ್ಟಿದರೆ ಗಂಟೆಗೆ ಎರಡು ಲೀಟರ್ ಕುಡಿಯುತ್ತದೆ. ದಿನಕ್ಕೆ 200 ಕಿಲೋಮೀಟರ್ ಸುತ್ತಿ ಮೂರು ಗಂಟೆ ಹೀಟರ್ ಓಡಿಸಿದರೆ 50 ಲೀಟರ್ ಮಾಯ. ಟ್ಯಾಂಕನ್ನು ಮೀಕರ್‌ನಲ್ಲೇ ತುಂಬಿಸಿಕೊಂಡು ಹೊರಡಬೇಕು, ಘಾಟಿಯ ಮೇಲೆ ಬಂಕ್ ಇಲ್ಲ.

ಮಂಗಳವಾರ

ರಾತ್ರಿ ಮಳೆ, ಬೆಳಗಿನ ಜಾವ ನಾಲ್ಕಂಗುಲ ಹಿಮ. ಎಲ್ಕ್ ಬೇಟೆಗೆ ಇದಕ್ಕಿಂತ ಒಳ್ಳೆಯ ದಿನವಿಲ್ಲ: ಹೆಜ್ಜೆ ಕಾಣುತ್ತದೆ, ಕಾಲ್ಸಪ್ಪಳ ಅಡಗುತ್ತದೆ. ಹೆಜ್ಜೆಯ ಅಂಚು ಚೂಪಾಗಿದ್ದು ಒಳಗಿನ ಹಿಮ ಇನ್ನೂ ಪುಡಿಯಾಗಿದ್ದರೆ ಆಗಷ್ಟೇ ದಾಟಿದ್ದು. ತಳದಲ್ಲಿ ಮಂಜುಗಡ್ಡೆಯ ಪೊರೆ ಕಟ್ಟಿದ್ದರೆ ಗಂಟೆಗಳು ಕಳೆದಿವೆ. ಸ್ಟೇರಿಂಗಿನವ ಇಂಥ ತಾಜಾ ಹೆಜ್ಜೆಯ ಸಾಲು ರಸ್ತೆ ದಾಟಿದ್ದನ್ನು ಕಂಡ, ಟೈರಿನಡಿ ಅದನ್ನು ಅಳಿಸಿಕೊಂಡೇ ಮುಂದೆ ಹೋದ.

ಈ ಭಾಗದ ಒಳರಸ್ತೆಗಳದ್ದು ಜೇಡಿಮಣ್ಣು. ರಾತ್ರಿ ಹೆಪ್ಪುಗಟ್ಟಿ ಕಲ್ಲಿನಂತಿದ್ದದ್ದು ಮಧ್ಯಾಹ್ನ ಕರಗಿ ಅಂಟಾಗುತ್ತದೆ. ಟೈರಿನ ಗೀರುಗಳೆಲ್ಲ ತುಂಬಿ ಚಕ್ರ ನುಣ್ಣಗಾಗುತ್ತದೆ, ನಾಲ್ಕು ಚಕ್ರ ತಿರುಗುವ ಗಾಡಿಯಾದರೆ ನಾಲ್ಕೂ ಒಟ್ಟಿಗೆ ಜಾರುತ್ತವೆ. ಹೋಗುವಾಗ ಸಲೀಸಾಗಿ ಹೋದವನು ಬರುವಾಗ ಹೂತುಕೊಳ್ಳುವುದು ಇದಕ್ಕೇ. ಇಂದು ಎರಡು ಗಂಟೆಗೆ ಆದದ್ದೂ ಅದೇ, ಆಕ್ಸಲ್‌ವರೆಗೆ.

ಸರಪಳಿ ಹಾಕುವುದು ಹೂತ ಮೇಲಲ್ಲ, ಕೆಸರಿಗೆ ಇಳಿಯುವ ಮೊದಲು. ಟೈರಿನ ಮೇಲೆ ಹರಡಿ, ಒಳಬದಿಯ ಕೊಕ್ಕೆ ಮೊದಲು, ಹೊರಬದಿಯದು ಆಮೇಲೆ ಸಿಕ್ಕಿಸಿ, ಐವತ್ತು ಮೀಟರ್ ಓಡಿಸಿ, ಇಳಿದು ಮತ್ತೆ ಬಿಗಿಯಬೇಕು. ಈ ಎರಡನೇ ಬಿಗಿತ ಬಿಟ್ಟರೆ ಸಡಿಲ ಕೊಂಡಿ ಬ್ರೇಕ್ ಪೈಪನ್ನು ಬಡಿದು ಹರಿಯುತ್ತದೆ. ಸರಪಳಿ ಇದ್ದಾಗ ಗಂಟೆಗೆ 50 ಕಿಲೋಮೀಟರ್ ಒಳಗೆ. ಸರಪಳಿಯಿಲ್ಲದೆ ಸಿಕ್ಕಿಬಿದ್ದರೆ ಟೈರಿನ ಗಾಳಿಯನ್ನು 35ರಿಂದ 20 ಪಿಎಸ್‌ಐಗೆ ಇಳಿಸಿ, ಚಕ್ರದ ಮುಂದಿನ ಕೆಸರು ತೋಡಿ, ಲೋ ಗೇರಿನಲ್ಲಿ ಮೆಲ್ಲಗೆ ಪ್ರಯತ್ನಿಸಬೇಕು. ಗಾಳಿ ತುಂಬುವ ಸಣ್ಣ ಕಂಪ್ರೆಸರ್ ಜೊತೆಗಿರಬೇಕು, ಇಲ್ಲದಿದ್ದರೆ ಟಾರು ರಸ್ತೆಯಲ್ಲಿ ಆ ಟೈರುಗಳು ಬಿಸಿಯಾಗಿ ಹಾಳಾಗುತ್ತವೆ.

ಇನ್ನೊಂದು ಟ್ರಕ್ಕು ಎಳೆಯಲು ಬಂತು. ಇಲ್ಲಿ ತಮಾಷೆಯ ಮಾತಿಲ್ಲ: ಎಳೆಯುವ ಪಟ್ಟಿಯನ್ನು ಟ್ರೇಲರ್ ಕೊಂಡಿಯ ಗುಂಡಿಗೆ (ಟ್ರೇಲರ್ ಕೂರುವ ಲೋಹದ ಚೆಂಡಿಗೆ) ಯಾವತ್ತೂ ಸಿಕ್ಕಿಸಬಾರದು. ಜಗ್ಗಿದ ರಭಸಕ್ಕೆ ಗುಂಡು ಮುರಿದು ಹಿಂದಿನ ಗಾಡಿಯ ಗಾಜು ತೂರಿ ಬರುತ್ತದೆ, ಹೀಗೆ ಜನ ಸತ್ತಿದ್ದಾರೆ. ಗುಂಡು ಕೂರುವ ಚೌಕ ಕೊಳವೆಯೊಳಗೆ ಪಟ್ಟಿಯ ಕುಣಿಕೆ ತೂರಿಸಿ ಅದರ ಪಿನ್ನನ್ನೇ ಹಾಕುವುದು, ಅಥವಾ ಡಿ-ಶ್ಯಾಕಲ್ (ಡಿ ಆಕಾರದ ಲೋಹದ ಕೊಂಡಿ) ಬಳಸುವುದು ಸರಿಯಾದ ವಿಧಾನ. ಎಲ್ಲರೂ ಪಟ್ಟಿಯ ಉದ್ದಕ್ಕಿಂತ ದೂರ ನಿಂತಿರಬೇಕು.

ಗಾಡಿ ಈಚೆಗೆ ಬಂದಾಗ ಕತ್ತಲಾಗಿತ್ತು. ಹಿಮದ ದಿನ ಹೀಗೆ ಹೋಯಿತು.

ಬುಧವಾರ

ಬೆಳಿಗ್ಗೆ ಏಳೂಕಾಲು. ರಸ್ತೆಯಿಂದ ಅರವತ್ತು ಗಜದಾಚೆ, ಬಯಲಂಚಿನಲ್ಲಿ ಒಂಟಿ ಗಂಡು ಎಲ್ಕ್. ಕೊಂಬು ಸೊಗಸಾಗಿದೆ. ಟ್ರಕ್ಕು ನಿಂತರೂ ಓಡಲಿಲ್ಲ, ಬಾಗಿಲು ತೆರೆದರೂ ಓಡಲಿಲ್ಲ. ತಲೆ ಎಡಕ್ಕೆ ತಿರುಗಿತು, ಬಾಲ ಅಲ್ಲಾಡಿತು, ತಲೆ ಮತ್ತೆ ಬಲಕ್ಕೆ.

ಇಷ್ಟು ಸಭ್ಯ ಎಲ್ಕ್ ಕಂಡರೆ ಅನುಮಾನ ಬರಬೇಕು. ವನ್ಯಜೀವಿ ಅಧಿಕಾರಿಗಳು ಬೊಂಬೆ ಜಿಂಕೆ, ಬೊಂಬೆ ಎಲ್ಕ್ ಇಟ್ಟು ಕಾಯುವುದು ಅಮೆರಿಕದ ಅನೇಕ ರಾಜ್ಯಗಳಲ್ಲಿ ಹಳೆಯ ಪದ್ಧತಿ. ಒಳಗೆ ಮೋಟಾರು, ಹೊರಗೆ ನಿಜವಾದ ಚರ್ಮ, ಪೊದೆಯೊಳಗೆ ರಿಮೋಟ್ ಹಿಡಿದ ಅಧಿಕಾರಿ. ಬೊಂಬೆಯನ್ನು ಇಡುವುದು ಟ್ರಕ್ಕಿನಿಂದ ಹೊಡೆಯಲು ಎಲ್ಲಕ್ಕಿಂತ ಅನುಕೂಲವಾದ ಜಾಗದಲ್ಲೇ. ಕಿಟಕಿಯಿಂದ ನಳಿಗೆ ಹೊರಬಂದು ಈಡಾದರೆ ಕೇಸು ಮುಗಿಯಿತು: ವಾಹನದಿಂದ ಹೊಡೆದದ್ದು, ರಸ್ತೆಯಿಂದ ಹೊಡೆದದ್ದು, ನಳಿಗೆಯಲ್ಲಿ ತೋಟೆ ಇಟ್ಟುಕೊಂಡದ್ದು, ಒಂದೇ ಈಡಿಗೆ ಮೂರು ಆರೋಪ. ಪ್ರತಿ ಅಪರಾಧಕ್ಕೂ ದಂಡದ ಜೊತೆ ಅಂಕ ಇದೆ. ಐದು ವರ್ಷದಲ್ಲಿ 20 ಅಂಕ ಮುಟ್ಟಿದರೆ ಬೇಟೆಯ ಹಕ್ಕೇ ಅಮಾನತು. ರಾಜ್ಯಗಳ ನಡುವಿನ ಒಪ್ಪಂದದಿಂದಾಗಿ ಒಂದು ಕಡೆ ಅಮಾನತಾದವನಿಗೆ ಬೇರೆ ರಾಜ್ಯಗಳಲ್ಲೂ ಬಾಗಿಲು ಮುಚ್ಚುತ್ತದೆ. ನಿಜವಾದ ಎಲ್ಕ್ ಆಗಿದ್ದರೆ ಇನ್ನೂ ದುಬಾರಿ. ಎಸ್ಟೆಸ್ ಪಾರ್ಕ್ ಊರಿನವರ ಮುದ್ದಿನ ಗಂಡು ಎಲ್ಕ್ ಸ್ಯಾಮ್ಸನ್‌ನನ್ನು 1995ರಲ್ಲಿ ಒಬ್ಬ ಕಳ್ಳಬೇಟೆಗಾರ ಕೊಂದ ಮೇಲೆ ಬಂದ ಕಾನೂನಿನ ಪ್ರಕಾರ, ಆರು ಕವಲಿನ ಗಂಡನ್ನು ಅಕ್ರಮವಾಗಿ ಕೊಂದರೆ ಮಾಮೂಲಿ ದಂಡದ ಮೇಲೆ ಇನ್ನೂ 10,000 ಡಾಲರ್.

ಕಿಟಕಿಯವನನ್ನು ಉಳಿಸಿದ್ದು ಧರ್ಮಬುದ್ಧಿಯಲ್ಲ, ನಿನ್ನೆಯ ಹಿಮ. ಕ್ಯಾಬಿನ್ನಿನಲ್ಲಿ ಕರಗಿದ ಹಿಮದ ನೀರು ಬೋಲ್ಟಿನೊಳಗೆ ಇಳಿದು, ರಾತ್ರಿ ತೊಟ್ಟಿಯಲ್ಲಿ ಹೆಪ್ಪುಗಟ್ಟಿತ್ತು. ಬೋಲ್ಟ್ ಹಿಡಿದೆಳೆದರೂ ಜಗ್ಗಲಿಲ್ಲ. ಒದ್ದೆಯಾದ ರೈಫಲ್ಲಿನ ಬೋಲ್ಟನ್ನು ಬಿಚ್ಚಿ, ಒರೆಸಿ, ಹಳೆಯ ದಪ್ಪ ಎಣ್ಣೆ ತೆಗೆದು ಒಣಗಿಸಿಯೇ ಚಳಿಗೆ ಇಡಬೇಕು. ಪೊದೆಯೊಳಗಿನ ಅಧಿಕಾರಿ ಬಹುಶಃ ನಿರಾಶೆಯಿಂದ ರಿಮೋಟ್ ಕೆಳಗಿಟ್ಟಿರಬೇಕು.

ಗುರುವಾರ

ಪವಾಡ ನಡೆಯಿತು. ಕಡಿದಾದ ಇಳಿಜಾರಿನ ತಲೆಯಲ್ಲಿ ರಸ್ತೆ, ಕೆಳಗೆ ಬಯಲಲ್ಲಿ ಐದು ಕವಲಿನ ಗಂಡು. ಗಾಳಿ ಎದುರಿಗೆ. ಕಿಟಕಿಯವ ಇಳಿದ, ರಸ್ತೆಯಿಂದ ಐವತ್ತಡಿ ದಾಟಿದ, ಬಂಡೆಯ ಮೇಲೆ ಜಾಕೆಟ್ ಮಡಚಿಟ್ಟ, ಹೊಡೆದ. ದೂರಮಾಪಕ 400 ಗಜ ಎಂದಿತ್ತು. ಆದರೆ ಮೂವತ್ತು ಡಿಗ್ರಿ ಇಳಿಜಾರಿನಲ್ಲಿ ಗುಂಡಿಗೆ ಲೆಕ್ಕವಾಗುವುದು ಮಟ್ಟಸ ದೂರ, ಸುಮಾರು 345 ಗಜ. 400ರ ಲೆಕ್ಕ ಹಿಡಿದರೆ ಈಡು ಬೆನ್ನಿನ ಮೇಲೆ ಹಾರಿಹೋಗಬಹುದು. ಮೊದಲನೆಯದು ಹಾಗೇ ಹೋಯಿತು, ಎರಡನೆಯದು ಭುಜದ ಹಿಂದೆ ತಾಗಿತು. ಪೆಟ್ಟು ತಿಂದ ಎಲ್ಕ್ ಸಾಮಾನ್ಯವಾಗಿ ಇಳಿಜಾರಿಗೇ ಓಡುತ್ತದೆ. ಇದೂ ಇನ್ನೂರು ಗಜ ಇಳಿದು ದಿಮ್ಮಿಗಳ ನಡುವೆ ಬಿತ್ತು.

ಟ್ರಕ್ಕು ಮೇಲೆ, ಎಲ್ಕ್ ಕೆಳಗೆ, ನಡುವೆ ರಸ್ತೆಯಿಲ್ಲ. ಬೂಟಿನ ಡಬ್ಬ ಇಂದು ತೆರೆಯಿತು.

ಮೊದಲ ಕೆಲಸ ಚೀಟಿ: ಲೈಸೆನ್ಸಿನ ಕಾರ್ಕಸ್ ಟ್ಯಾಗಿಗೆ ಕೂಡಲೇ ಸಹಿ, ತಾರೀಖು ಹಾಕಿ ಹರಿಯಬೇಕು. ಆಮೇಲೆ ಚಾಕು. ಹೊಟ್ಟೆ ಬಗೆಯದೆ ಕೊಯ್ಯುವ ವಿಧಾನವೇ ಇಂಥ ಜಾಗಕ್ಕೆ ಸರಿ. ಒಂದು ಮಗ್ಗುಲಿಗೆ ಮಲಗಿಸಿ, ಬಾಲದಿಂದ ಕತ್ತಿನವರೆಗೆ ಬೆನ್ನುಮೂಳೆಗುಂಟ ಚರ್ಮ ಸೀಳಿ, ಹೊಟ್ಟೆಯ ಕಡೆಗೆ ಸುಲಿಯಬೇಕು. ಮುಂಗಾಲನ್ನು ಮೈಗೆ ಸೇರಿಸುವ ಮೂಳೆಯ ಕೀಲಿಲ್ಲ, ಎತ್ತಿ ಹಿಡಿದು ಭುಜದ ಹಲಗೆಯ ಹಿಂದೆ ಚಾಕು ಆಡಿಸಿದರೆ ಕಳಚಿ ಬರುತ್ತದೆ. ಹಿಂದೊಡೆಯನ್ನು ಸೊಂಟದ ಗುಂಡುಕೀಲಿನವರೆಗೆ ಮೂಳೆಗುಂಟ ಬಿಡಿಸಿ, ಕೀಲಿನ ನರ ಕತ್ತರಿಸಬೇಕು. ಬೆನ್ನಿನ ಉದ್ದ ಮಾಂಸಪಟ್ಟಿ, ಕತ್ತು, ಕೊನೆಗೆ ಕಡೆಯ ಪಕ್ಕೆಲುಬಿನ ಹಿಂದಿನಿಂದ ಕೈ ತೂರಿಸಿ ಒಳಬದಿಯ ಮೆತ್ತನೆ ಮಾಂಸ. ಹೊರಳಿಸಿ ಇನ್ನೊಂದು ಮಗ್ಗುಲು. ಗಂಡೆಂಬ ಗುರುತು ಒಂದು ತೊಡೆಗೆ ಅಂಟಿಕೊಂಡೇ ಇರಬೇಕು, ಅಧಿಕಾರಿ ಕೇಳುತ್ತಾನೆ. ತಿನ್ನಲು ಬರುವ ಮಾಂಸ ಬಿಟ್ಟು ಬರುವುದು ಅಪರಾಧ.

ಹಿಂದೊಡೆ ಒಂದೊಂದು 30 ಕಿಲೋ, ಮುಂಗಾಲು 20ಕ್ಕೂ ಮೇಲೆ, ಉಳಿದ ಬಿಡಿ ಮಾಂಸ ಇನ್ನೊಂದು 30. ಜೊತೆಗೆ ತಲೆ. ಇಬ್ಬರಿಗೆ ಮೂರು ಸರದಿ, ಪ್ರತಿ ಸರದಿಗೂ ಕಡಿದಾದ ಏರು. ಎರಡನೇ ಸರದಿಗೆ ಸ್ಟೇರಿಂಗಿನವನ ಮಾತು ನಿಂತಿತು. ಬೆಳಗಿನ ಜಾವ ಗೇಟಿನ ಬಳಿ ನಿಲ್ಲಿಸಿ ಮೇಲಕ್ಕೆ ನಡೆದವರು ಇದೇ ಭಾರವನ್ನು ಇಳಿಜಾರಿನಲ್ಲಿ ಹೊತ್ತು ತರುತ್ತಾರೆ.

ಶುಕ್ರವಾರದಿಂದ ಭಾನುವಾರ

ಮಾಂಸ ತಣಿಯಬೇಕು. ಎಲ್ಕ್ ಕೆಡಲು ಶುರುವಾಗುವುದು ಹಿಂದೊಡೆಯ ಕೀಲಿನ ಆಳದಲ್ಲಿ, ಬಿಸಿ ಅಲ್ಲೇ ಕೊನೆಯವರೆಗೆ ಉಳಿಯುವುದರಿಂದ. ಗಾಳಿಯಾಡುವ ಹತ್ತಿಚೀಲದಲ್ಲಿ ಹಾಕಿ ನೆರಳಲ್ಲಿ ತೂಗುಹಾಕಬೇಕು, ಪ್ಲಾಸ್ಟಿಕ್ ಚೀಲದಲ್ಲಲ್ಲ. ನಮ್ಮವರು ತೊಟ್ಟಿಯಲ್ಲಿ ಒಂದರ ಮೇಲೊಂದು ಪೇರಿಸಿ ಕಪ್ಪು ಮುಚ್ಚಳ ಹಾಕಿ ಬಿಸಿಲಲ್ಲಿ ನಿಲ್ಲಿಸಿದ್ದರು, ಪಕ್ಕದ ಶಿಬಿರದ ಮುದುಕಿಯೊಬ್ಬಳು ಬೈದು ಇಳಿಸಿದಳು. ಅವಳ ಎಲ್ಕ್ ಬುಧವಾರದಿಂದಲೇ ಮರಕ್ಕೆ ತೂಗುತ್ತಿತ್ತು. ಉಳಿದ ದಿನ ಸ್ಟೇರಿಂಗಿನವ ತನ್ನ ಟ್ಯಾಗಿಗಾಗಿ ಅದೇ ರಸ್ತೆ ಸುತ್ತಿದ, ಹೇಳುವಂಥದ್ದೇನೂ ಆಗಲಿಲ್ಲ.

ಭಾನುವಾರ ಸಂಜೆ, ಬೇಟೆಯ ಹೊತ್ತು ಮುಗಿದ ಮೇಲೆ, 13ನೇ ನಂಬರಿನ ರಸ್ತೆಯಲ್ಲಿ ರೈಫಲ್ ಊರಿನ ಕಡೆಗೆ. ಈ ಹೊತ್ತಿಗೆ ಹಿಂಡುಗಳು ಮೇಯಲು ಇಳಿದು ರಸ್ತೆ ದಾಟುತ್ತವೆ. ದೀಪದ ಬೆಳಕಿಗೆ ಮೊದಲು ಕಾಣುವುದು ಮಿನುಗುವ ಕಣ್ಣು, ಆದರೆ ಎಲ್ಕ್ ಎತ್ತರದ ಪ್ರಾಣಿಯಾದ್ದರಿಂದ ಕಣ್ಣು ಕೆಲವೊಮ್ಮೆ ಬೆಳಕಿನ ಪಟ್ಟಿಗಿಂತ ಮೇಲಿರುತ್ತದೆ. ಒಂದು ದಾಟಿದರೆ ಹಿಂದೆ ಇನ್ನೂ ಇವೆ ಎಂದೇ ತಿಳಿಯಬೇಕು. ಎದುರಿಗೆ ಬಂದರೆ ಸ್ಟೇರಿಂಗ್ ತಿರುಗಿಸದೆ ನೇರ ಬ್ರೇಕ್ ಒತ್ತಬೇಕು. ಚರಂಡಿಗೆ ಉರುಳುವುದಕ್ಕಿಂತ ಅದು ವಾಸಿ. ಸ್ಟೇರಿಂಗಿನವ ನೇರ ಬ್ರೇಕ್ ಒತ್ತಿದ. ಲೈಟ್ ಬಾರ್ ಸಮೇತ ಮುಂಭಾಗ ಒಳಗೆ ಹೋಯಿತು, ರೇಡಿಯೇಟರ್ ಒಡೆಯಿತು, ಇಬ್ಬರಿಗೂ ಏನೂ ಆಗಲಿಲ್ಲ. ಕೊಲರಾಡೊದಲ್ಲಿ ವಾಹನಕ್ಕೆ ಸಿಕ್ಕು ಸತ್ತ ಎಲ್ಕ್‌ನ ಮಾಂಸ ಒಯ್ಯಬಹುದು, 48 ಗಂಟೆಯೊಳಗೆ ವನ್ಯಜೀವಿ ಇಲಾಖೆಗೆ ತಿಳಿಸಿ ಪತ್ರ ಪಡೆದರೆ ಸಾಕು. ಲೈಸೆನ್ಸಿನ ಟ್ಯಾಗ್ ಖರ್ಚಾಗುವುದಿಲ್ಲ. ಗಾಡಿಯ ವಿಮೆಯಲ್ಲಿ ಪ್ರಾಣಿ ಡಿಕ್ಕಿ ಬರುವುದು ಕಾಂಪ್ರಹೆನ್ಸಿವ್ ಭಾಗದಡಿ, ಅದು ಇದ್ದವರಿಗಷ್ಟೇ ಹಣ. ಟೋಯಿಂಗ್ ಗಾಡಿ ಬರಲು ಎರಡು ಗಂಟೆ ಬೇಕೆಂದರು.